ಚಿಕ್ಕೋಡಿ ಸೀಮೆಯ ಮಗು ಬರೆಯುವ ಕನ್ನಡ

ಕೆಲವು ವರ್ಷಗಳ ಹಿಂದೆ ನಿಪ್ಪಾಣಿ ಸುತ್ತಲಿನ ಒಂದು ಶಾಲೆಯಲ್ಲಿ ಮಕ್ಕಳ ಪ್ರಬಂಧಗಳನ್ನು ಓದಿ ಬಹುಮಾನಕ್ಕೆ ಆರಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ವಿಷಯ ‘ನಮ್ಮ ಊರು’. ಹತ್ತು ಪ್ರಬಂಧ ಮುಗಿಯುವಷ್ಟರಲ್ಲಿ ಎಲ್ಲ ಮಕ್ಕಳೂ ಒಂದೇ ಊರಿನವರೇನೋ ಎನಿಸತೊಡಗಿತು. ಆ ಊರಿನ ಸುತ್ತ ಹಸಿರು ಬೆಟ್ಟಗಳಿದ್ದವು, ನಡುವೆ ಜುಳುಜುಳು ಹರಿಯುವ ತೊರೆಯಿತ್ತು, ಮಾಮರದಲ್ಲಿ ಕೋಗಿಲೆ ಕೂಗುತ್ತಿತ್ತು, ಜನರೆಲ್ಲ ಅನ್ಯೋನ್ಯವಾಗಿ ಬಾಳುತ್ತಿದ್ದರು. ನಾವು ಕೂತಿದ್ದ ಕೋಣೆಯ ಕಿಟಕಿಯಾಚೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತಿದ್ದವು. ಗಾಳಿಯಲ್ಲಿ ತಂಬಾಕಿನ ಘಾಟಿತ್ತು. ಬಸ್ ನಿಲ್ದಾಣದ ಕಡೆಯಿಂದ ಮರಾಠಿ, ಕನ್ನಡ, ದಖನಿ ಮೂರೂ ಬೆರೆತ ಕೂಗು ಕೇಳುತ್ತಿತ್ತು. ಇವುಗಳಲ್ಲಿ ಒಂದೂ ಪ್ರಬಂಧಕ್ಕೆ ಇಳಿದಿರಲಿಲ್ಲ.

ಒಂದು ಪ್ರಬಂಧ ಮಾತ್ರ ಬೇರೆಯಿತ್ತು. ಆರನೆಯ ತರಗತಿಯ ಹುಡುಗಿಯೊಬ್ಬಳು ಊರು ಎಂದರೆ ತನ್ನ ಓಣಿ ಎಂದು ತಿಳಿದು ಬರೆದಿದ್ದಳು. ಓಣಿಯ ಹೆಂಗಸರು ಮುಂಜಾನೆ ಎಲೆ ನೆನೆಹಾಕುವುದು, ಕತ್ತರಿಯಿಂದ ಅಳತೆಗೆ ಕತ್ತರಿಸುವುದು, ತಂಬಾಕು ತುಂಬಿ ಸುರುಳಿ ಸುತ್ತಿ ದಾರ ಕಟ್ಟುವುದು, ಇಪ್ಪತ್ತೈದು ಬೀಡಿಗೊಂದು ಕಟ್ಟು ಮಾಡುವುದು, ಸಂಜೆ ಒಯ್ದುಕೊಟ್ಟಾಗ ಕೆಟ್ಟವೆಂದು ಒಂದಿಷ್ಟನ್ನು ತೆಗೆದು ಹಾಕುವುದು, ಅದರ ದುಡ್ಡು ಸಿಗದಿರುವುದು, ಎಲ್ಲವೂ ಅಲ್ಲಿತ್ತು. ತಾಯಿ ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಾಳೆ ಎಂದೂ ಬರೆದಿದ್ದಳು. ಪುಟದ ತುಂಬ ಕೆಂಪು ಶಾಯಿ. ‘ಎಲಿ’ ಎಂದಿದ್ದಲ್ಲಿ ‘ಎಲೆ’, ‘ಮುಂಜಾನಿ’ ಎಂದಿದ್ದಲ್ಲಿ ‘ಬೆಳಗ್ಗೆ’, ‘ಅಮ್ಮಿ’ ಎಂದಿದ್ದಲ್ಲಿ ‘ತಾಯಿ’. ಕೊನೆಯಲ್ಲಿ, ವಿಷಯ ಬಿಟ್ಟು ಬರೆಯಲಾಗಿದೆ ಎಂಬ ಷರಾ.

ತಿದ್ದಿದ ಶಿಕ್ಷಕರನ್ನು ಇಲ್ಲಿ ಕಟಕಟೆಗೆ ಎಳೆಯುವ ಉದ್ದೇಶ ನಮಗಿಲ್ಲ. ಅವರು ಯಾವುದೋ ದೂರದ ಜಿಲ್ಲೆಯಿಂದ ಬಂದು, ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ಪಾಠ ಮುಗಿಸುವ ಒತ್ತಡದಲ್ಲಿ ಪ್ರಾಮಾಣಿಕವಾಗಿ ದುಡಿಯುವವರೇ ಆಗಿದ್ದರು. ಆದರೆ ಅವರ ಕೈಯಲ್ಲಿದ್ದ ಕೆಂಪು ಪೆನ್ನು ಅವರೊಬ್ಬರದಲ್ಲ. ಭಾಷೆ ಕಲಿಸುವುದೆಂದರೆ ಮಗುವಿನ ಬಾಯಲ್ಲಿರುವುದನ್ನು ತೆಗೆದು ಬೇರೊಂದನ್ನು ಇಡುವುದು ಎಂಬ ನಂಬಿಕೆ ನಮ್ಮ ಪಠ್ಯಪುಸ್ತಕಗಳಲ್ಲೂ ಸಾಹಿತ್ಯ ಶಿಬಿರಗಳಲ್ಲೂ ನಮ್ಮೆಲ್ಲರ ತಲೆಯಲ್ಲೂ ಬಹಳ ಕಾಲದಿಂದ ಕೂತಿದೆ.

ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಕಳೆದ ದಶಕದಲ್ಲಿ ಹೊಸ ತಾಲ್ಲೂಕುಗಳಾದ ನಿಪ್ಪಾಣಿ, ಕಾಗವಾಡಗಳ ಈ ಸೀಮೆ 1956ರ ತನಕ ಮುಂಬಯಿ ಪ್ರಾಂತದಲ್ಲಿತ್ತು. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ಎರಡೂ ದಡದ ಜನ ಪೇಟೆಗೆ, ದವಾಖಾನೆಗೆ, ಮದುವೆ ಸಂಬಂಧಕ್ಕೆ ಕೊಲ್ಹಾಪುರ, ಮಿರಜ, ಸಾಂಗಲಿಗೆ ಹೋಗುತ್ತಲೇ ಬಂದವರು. ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಬರುವ ಎತ್ತಿನ ಗಾಡಿಗಳಿಗೆ ಲೆಕ್ಕವಿಲ್ಲ. ಮಿರಜಿನ ಮೀರಾಸಾಹೇಬ ದರ್ಗಾಕ್ಕೆ ಈ ಕಡೆಯಿಂದ ಹೋಗುವ ಕನ್ನಡಿಗರಿಗೂ ಲೆಕ್ಕವಿಲ್ಲ. ಒಂದು ಶಾಲೆಯ ಹಾಜರಿ ಪುಸ್ತಕ ತೆರೆದರೆ ಅತ್ತಾರ, ಬಾಗವಾನ, ತಾಂಬೋಳಿ, ಶಿಕಲಗಾರ, ನದಾಫ, ಮಣಿಯಾರ, ಮುಜಾವರ, ಮುಲ್ಲಾ ಎಂಬ ಅಡ್ಡಹೆಸರುಗಳು ಸಿಗುತ್ತವೆ. ಅತ್ತರು ಮಾರುವವ, ಹಣ್ಣು-ಕಾಯಿಪಲ್ಲೆ ಮಾರುವವ, ವೀಳ್ಯದೆಲೆ ಮಾರುವವ, ಕತ್ತಿ-ಕತ್ತರಿಗೆ ಸಾಣೆ ಹಿಡಿಯುವವ, ಅರಳೆ ಹಿಂಜುವವ, ಬಳೆ ಮಾರುವವ. ಹಾಜರಿ ಪುಸ್ತಕವೇ ಒಂದು ಕಸುಬುಗಳ ನಿಘಂಟು. ಮೇಷ್ಟರು ದಿನಾ ಅದನ್ನು ಕೂಗುತ್ತಾರೆ. ಆ ಹೆಸರುಗಳ ಅರ್ಥವೇನು, ಮನೆಯಲ್ಲಿ ಅಜ್ಜನನ್ನು ಕೇಳಿಕೊಂಡು ಬಾ ಎಂದು ಹೇಳಿದವರನ್ನು ನಾವು ಕಂಡಿಲ್ಲ.

ಈ ಮಕ್ಕಳ ಮಾತೃಭಾಷೆ ಯಾವುದು ಎಂಬ ಪ್ರಶ್ನೆಗೆ ದಾಖಲಾತಿ ಅರ್ಜಿಯಲ್ಲಿ ಒಂದೇ ಖಾನೆ ಇರುತ್ತದೆ. ಮುಸಲ್ಮಾನರಾದರೆ ಅಲ್ಲಿ ಉರ್ದು ಎಂದು ಬರೆಯುವುದು ವಾಡಿಕೆ. ಆದರೆ ನದಾಫರ ಎಷ್ಟೋ ಮನೆಗಳಲ್ಲಿ ಆಡುವುದು ಅಚ್ಚ ಕನ್ನಡ. ಪೇಟೆಯ ಮನೆಗಳಲ್ಲಿ ದಖನಿ. ನಿಪ್ಪಾಣಿಯಲ್ಲಿ ಆಟಕ್ಕೆ ಹೋದರೆ ಮರಾಠಿ. ಉರ್ದು ಶಾಲೆಗೆ ಹೋದ ಮಗು ಅಲ್ಲಿ ಕಲಿಯುವುದು ಲಖನೌ-ದಿಲ್ಲಿಯ ಪುಸ್ತಕದ ಉರ್ದು. ಅದೂ ಅದರ ಮನೆಯ ಮಾತಲ್ಲ. ‘ಹವ್’ ಎಂದು ತಲೆಯಾಡಿಸಿದರೆ ‘ಹಾಂ’ ಎನ್ನು ಎಂಬ ತಿದ್ದುಪಡಿ, ‘ನಕ್ಕೊ’ ಎಂದರೆ ಹಾಸ್ಯ. ಹೀಗೆ ಉರ್ದು ತರಗತಿಯಲ್ಲಿ ಒಂದು ಸಲ, ಕನ್ನಡ ತರಗತಿಯಲ್ಲಿ ಇನ್ನೊಂದು ಸಲ ತಿದ್ದಿಸಿಕೊಂಡ ಮಗು ಕೊನೆಗೆ ಬಾಯಿ ಮುಚ್ಚಿಕೊಂಡು ಇರುವುದೇ ಮೇಲೆಂದು ಕಲಿಯುತ್ತದೆ. 2018ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ ಉಡುಪಿ, ಉತ್ತರ ಕನ್ನಡಗಳ ನಂತರ ರಾಜ್ಯಕ್ಕೆ ಮೂರನೆಯ ಸ್ಥಾನ ಪಡೆದಿತ್ತು. ಆದ್ದರಿಂದ ಈ ಮಕ್ಕಳು ದಡ್ಡರೆಂದೋ ಶಿಕ್ಷಕರು ಸೋಮಾರಿಗಳೆಂದೋ ಹೇಳುವಂತಿಲ್ಲ. ಅಂಕ ಬರುತ್ತದೆ. ಆದರೆ ಅಷ್ಟು ಅಂಕ ಪಡೆದವರು ನಾಲ್ಕು ಸಾಲು ಸ್ವಂತದ್ದು ಬರೆಯಲು ಕೂತರೆ ಏಕೆ ಹಸಿರು ಬೆಟ್ಟ, ಕೋಗಿಲೆಗಳೇ ಬರುತ್ತವೆ ಎಂಬುದು ನಮ್ಮ ಚಿಂತೆ.

ಪಠ್ಯದ ಕಡೆ ಬರೋಣ. ಪ್ರೌಢಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆಯವರಿಗೆ ‘ಸಿರಿ ಕನ್ನಡ’, ದ್ವಿತೀಯ ಭಾಷೆಯವರಿಗೆ ‘ತಿಳಿ ಕನ್ನಡ’. ಈ ತಿಳಿ ಕನ್ನಡ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕನ್ನಡವನ್ನೇ ಕೇಳದೆ ಬೆಳೆದ ಮಗುವಿಗೂ ಅದೇ, ಬಳ್ಳಾರಿಯ ತೆಲುಗು ಮನೆಯ ಮಗುವಿಗೂ ಅದೇ, ಉಗಾರದ ಉರ್ದು ಶಾಲೆಯ ಮಗುವಿಗೂ ಅದೇ. ಉಗಾರದ ಮಗುವಿಗೆ ಕನ್ನಡ ಎರಡನೆಯ ಭಾಷೆಯೇ ಅಲ್ಲ. ಅದು ಗೆಳೆಯರೊಡನೆ ಜಗಳವಾಡುವ, ಗದ್ದೆಯಲ್ಲಿ ಎಮ್ಮೆ ಹೊಡೆಯುವ, ಬೈಯುವ, ನಗುವ ಭಾಷೆ. ಪುಸ್ತಕ ಮಾತ್ರ ಅದಕ್ಕೆ ಏನೂ ಬಾರದೆಂದು ತಿಳಿದು ತೀರಾ ಕೆಳಗಿನಿಂದ ಶುರುಮಾಡುತ್ತದೆ. ಮಗುವಿಗೆ ಗೊತ್ತಿರುವ ಕನ್ನಡ ಪುಸ್ತಕದ ಲೆಕ್ಕದಲ್ಲಿ ಕನ್ನಡವಲ್ಲ. ಇದಕ್ಕಿಂತ ದೊಡ್ಡ ನಷ್ಟ ಯಾವುದಿದೆ? ಗಡಿಯಾಚೆ ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳ ಸ್ಥಿತಿ ಇದರ ಕನ್ನಡಿ ಬಿಂಬ. ಅಲ್ಲಿಯ ಮಕ್ಕಳು ಬಾಲಭಾರತಿಯ ಕನ್ನಡ ಪುಸ್ತಕಗಳನ್ನು ಓದುತ್ತಾರೆ. ಅವಕ್ಕೆ ಪುಣೆ ದೂರ, ಇವಕ್ಕೆ ಬೆಂಗಳೂರು ದೂರ.

ಶಾಲೆಯ ಅರಿವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಅದಕ್ಕೂ ಹತ್ತು ವರ್ಷ ಮೊದಲೇ, 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾದಾಗ ಶಿಕ್ಷಕರೇ ಅಲ್ಲಿಯ ಹಾಡು, ಕತೆ, ಆಟಗಳನ್ನು ಕಾರ್ಡುಗಳಾಗಿ ಮಾಡಿದ್ದರು. ಅದರ ಕಸುವೆಲ್ಲ ಇದ್ದದ್ದು ಅಲ್ಲೇ. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ವಿಸ್ತರಿಸಿದಾಗ ಕಾರ್ಡುಗಳು ಮುದ್ರಣವಾಗಿ ಎಲ್ಲ ಶಾಲೆಗೂ ಬಂದವು. ಒಂದು ಊರಿನ ಸ್ಥಳೀಯತೆ ಇನ್ನೊಂದು ಊರಿಗೆ ಅಚ್ಚಾಗಿ ಹೋದರೆ ಅದು ಸ್ಥಳೀಯತೆಯಾಗಿ ಉಳಿಯುವುದೇ? 2025ರ ಆಗಸ್ಟಿನಲ್ಲಿ ಸುಖದೇವ ಥೋರಟ್ ಆಯೋಗ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿತು. ಐದನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಇರಲಿ ಎಂದಿತು. ಒಳ್ಳೆಯ ಮಾತೇ. ಆದರೆ ಮಾತೃಭಾಷೆ ಎಂಬ ಖಾನೆಯಲ್ಲಿ ತುಂಬುವ ಹೆಸರಿಗೂ ಅಡುಗೆಮನೆಯಲ್ಲಿ ಕೇಳುವ ಮಾತಿಗೂ ಇರುವ ಅಂತರವನ್ನು ಯಾವ ಆಯೋಗವೂ ಅಳೆಯಲಾರದು.

ಇನ್ನು ಸ್ಥಳೀಯ ಸಂಸ್ಕೃತಿ ಎಂಬ ಹೆಸರಿನಲ್ಲಿ ಶಾಲೆಯೊಳಗೆ ಏನೂ ಬರುವುದೇ ಇಲ್ಲವೆಂದಲ್ಲ. ಪ್ರತಿಭಾ ಕಾರಂಜಿಯಲ್ಲಿ ಜಾನಪದ ಗೀತೆ ಇದೆ, ಛದ್ಮವೇಷ ಇದೆ, ಕವ್ವಾಲಿಯೂ ಇದೆ. ಮಕ್ಕಳು ಧೋತರ, ರುಮಾಲು ಸುತ್ತಿ, ಕೆನ್ನೆಗೆ ಬಣ್ಣ ಬಳಿದುಕೊಂಡು ರೈತರಾಗುತ್ತಾರೆ. ರೈತನ ಮಗನಿಗೆ ರೈತನ ವೇಷ ಹಾಕಿಸುವುದರಲ್ಲಿ ಒಂದು ತಮಾಷೆ ಇದೆ. ತನ್ನ ಅಪ್ಪ ದಿನಾ ಉಡುವ ಅಂಗಿಯನ್ನು ಬಿಟ್ಟು ಕ್ಯಾಲೆಂಡರಿನ ರೈತನ ಅಂಗಿಯನ್ನು ಅವನು ಬಾಡಿಗೆಗೆ ತರಬೇಕಾಗುತ್ತದೆ. ಸಂಸ್ಕೃತಿ ಎಂದರೆ ವೇದಿಕೆಯ ಮೇಲೆ ಐದು ನಿಮಿಷ ನಡೆಯುವುದು, ತರಗತಿಯಲ್ಲಿ ನಡೆಯುವುದು ಪಾಠ ಎಂಬ ವಿಭಜನೆ ಇಲ್ಲಿ ಪಕ್ಕಾ ಆಗುತ್ತದೆ.

ಅಥಣಿಯ ಉದಾಹರಣೆ ನೋಡಿ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯಲ್ಲಿ ಎಷ್ಟೋ ಭಾಗ ಅಥಣಿ, ನಿಪ್ಪಾಣಿ, ಮದಭಾವಿ ಕಡೆಯ ಸಮಗಾರರ ಮನೆಗಳಲ್ಲಿ ಹುಟ್ಟುವಂಥದು. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಇವೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ತೊಗಲು ಹದ ಮಾಡುವುದರಿಂದ ಹಿಡಿದು ಹೆಂಗಸರು ಸಣ್ಣ ತೊಗಲಿನ ಎಳೆಗಳಿಂದ ವೇಣಿ ಹೆಣೆಯುವವರೆಗೆ ಅದಕ್ಕೊಂದು ಪೂರಾ ಪದಸಂಪತ್ತು ಇದೆ. ಕಿವಿ, ಅಂಗಠಾ, ಪಟ್ಟಾ, ವೇಣಿ ಎಂದು ಒಂದೊಂದು ಭಾಗಕ್ಕೂ ಹೆಸರಿದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಇದೇ ನಮೂನೆಯ ಚಪ್ಪಲಿ ತೊಡಿಸಿ, ಎಲ್ಲಿಯದೆಂದು ಹೇಳದೆ ಹೋದಾಗ ದೇಶದಲ್ಲೆಲ್ಲ ಗದ್ದಲವಾಯಿತು. ಆಮೇಲೆ ಕಂಪನಿ ಒಪ್ಪಿಕೊಂಡಿತು, ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮತ್ತು ನಮ್ಮ ಲಿಡ್ಕರ್ ನಿಗಮದ ಜೊತೆ ಒಪ್ಪಂದವೂ ಆಯಿತು. ಮೂಲದ ಹೆಸರು ಹೇಳಲಿಲ್ಲವೆಂದು ನಾವು ಪ್ರಾಡಾವನ್ನು ಬೈದದ್ದು ಸರಿ. ಆದರೆ ನಮ್ಮ ಕನ್ನಡ ತರಗತಿ ಆ ಹೆಸರು ಹೇಳುತ್ತದೆಯೇ? ಹನ್ನೆರಡನೆಯ ಶತಮಾನದ ಶರಣ ಹರಳಯ್ಯನ ಕತೆ ಮಕ್ಕಳಿಗೆ ಹೇಳುತ್ತೇವೆ, ಅದನ್ನು ಕೇಳಿ ಕಣ್ಣೀರಿಡುತ್ತೇವೆ. ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತ ಸಮಗಾರರ ಹುಡುಗನಿಗೆ, ನಿಮ್ಮ ಮನೆಯಲ್ಲಿ ವೇಣಿ ಹೆಣೆಯುವುದು ಹೇಗೆ ಎಂದು ಹತ್ತು ವಾಕ್ಯ ಬರೆ ಎಂದು ಹೇಳಲು ನಮ್ಮ ನಾಲಿಗೆ ಏಳುವುದಿಲ್ಲ. ಹೇಳಿದರೆ ಅವನಿಗೆ ಅವಮಾನವಾದೀತು ಎಂಬ ಅಳುಕು. ಅವಮಾನ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ ಎಂಬುದನ್ನು ಮರೆಯುತ್ತೇವೆ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ಈ ಸೀಮೆಯ ಮೇಲೆ ಬಿಜಾಪುರದ ಆದಿಲಶಾಹಿ ಆಡಳಿತವಿದ್ದ ಕಾಲದಲ್ಲಿ ಅಲ್ಲಿಯ ಸೂಫಿಗಳಿಗೆ ಒಂದು ಸಮಸ್ಯೆ ಎದುರಾಗಿತ್ತು. ಅರಬಿ, ಫಾರಸಿ ಬಾರದ ಹಳ್ಳಿಯ ಹೆಂಗಸರಿಗೆ ದೇವರ ಮಾತು ಮುಟ್ಟಿಸುವುದು ಹೇಗೆ? ಅವರು ಆರಿಸಿಕೊಂಡದ್ದು ಬೀಸುಕಲ್ಲನ್ನು. ಚಕ್ಕಿನಾಮಾ, ಚರಖಾನಾಮಾ ಎಂಬ ದಖನಿ ಹಾಡುಗಳು ಹೀಗೆ ಹುಟ್ಟಿದವು. ಬೀಸುವಾಗ, ನೂಲುವಾಗ ಹೆಂಗಸರು ಹಾಡುವ ಧಾಟಿಗೆ ಧರ್ಮದ ಸರಳ ಪಾಠ ಕೂಡಿಸಿದವು. ಬೀಸುಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ ಅಲ್ಲಿಂದ ಅಲ್ಲಾಹನ ಹೆಸರಿಗೆ ಕರೆದೊಯ್ಯುವ ಜಾಣ್ಮೆ ಅವುಗಳಲ್ಲಿದೆ. ರಿಚರ್ಡ್ ಈಟನ್ 1978ರ ತಮ್ಮ ಬಿಜಾಪುರದ ಸೂಫಿಗಳ ಅಧ್ಯಯನದಲ್ಲಿ, ದಖ್ಖನಿನ ಸಾಮಾನ್ಯ ಜನರ ನಡುವೆ ಇಸ್ಲಾಮು ಹರಡಿದ ಬಗೆಯನ್ನು ಈ ಹಾಡುಗಳ ಮೂಲಕವೇ ವಿವರಿಸಿದರು. ಪ್ರತಿ ಪ್ರವಾದಿಯೂ ತನ್ನ ಜನರ ಭಾಷೆಯಲ್ಲೇ ಬಂದರೆಂಬ ಕುರ್‌ಆನಿನ ತಿಳಿವಳಿಕೆಯನ್ನು ಅವರು ಅಕ್ಷರಶಃ ಆಚರಣೆಗೆ ತಂದಿದ್ದರು. ಗಮನಿಸಬೇಕಾದದ್ದೆಂದರೆ, ಅವರು ಹೆಂಗಸರಿಗೆ ಬೀಸುವುದನ್ನು ನಿಲ್ಲಿಸಿ ಬಂದು ಕೂಡಿರೆಂದು ಹೇಳಲಿಲ್ಲ.

ಅದೇ ನೆಲದಲ್ಲಿ 1931ರಲ್ಲಿ ‘ಗರತಿಯ ಹಾಡು’ ಬಂತು. ಹಲಸಂಗಿಯ ಗೆಳೆಯರು ಮನೆಮನೆಗೆ ಹೋಗಿ ಬೀಸುವ, ಕುಟ್ಟುವ ಹೆಂಗಸರ ಪದಗಳನ್ನು ಬರೆದುಕೊಂಡರು. ಸಂಗ್ರಾಹಕರಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣರ ಜೊತೆ ಪಿ. ಧೂಲಾಸಾಹೇಬರೂ ಒಬ್ಬರು. ಕನ್ನಡ ಜಾನಪದದ ಮೊದಲ ದೊಡ್ಡ ಸಂಗ್ರಹಗಳಲ್ಲೊಂದರ ಹಿಂದೆ ಒಬ್ಬ ಮುಸ್ಲಿಂ ಗೆಳೆಯನಿದ್ದ ಎಂಬುದು ನಮ್ಮ ಎಷ್ಟು ಶಾಲೆಗಳಿಗೆ ಗೊತ್ತಿದೆಯೋ ಕಾಣೆವು. ಹರದೇಶಿ-ನಾಗೇಶಿ ಎಂದು ಎರಡು ಪಂಗಡ ಕಟ್ಟಿಕೊಂಡು ರಾತ್ರಿಯಿಡೀ ಸವಾಲು-ಜವಾಬು ಹಾಡುವ ಲಾವಣಿ ಮೇಳಗಳಿಗೂ ಮೂಲಪುರುಷರೆಂದು ತುಕನಗಿರಿ ಎಂಬ ಗೋಸಾವಿ ಮತ್ತು ಶಾಹ್ ಅಲಿ ಎಂಬ ಫಕೀರನ ಹೆಸರು ಹೇಳುವ ಕತೆ ಇದೆ. ಒಬ್ಬನಿಗೆ ತುರಾಯಿ, ಇನ್ನೊಬ್ಬನಿಗೆ ಕಲ್ಗಿ ಸಿಕ್ಕಿತಂತೆ. ಐತಿಹ್ಯವೇ ಇರಲಿ, ಇಬ್ಬರು ಸಾಧುಗಳ ವಾದದಿಂದ ಒಂದು ಹಾಡಿನ ಪರಂಪರೆ ಹುಟ್ಟಿತೆಂದು ಜನ ನಂಬಿದ್ದಾರಲ್ಲ, ಅದೇ ಸಾಕು. ಭಾಷಾ ತರಗತಿಗೆ ಇದಕ್ಕಿಂತ ಒಳ್ಳೆಯ ಚರ್ಚಾಸ್ಪರ್ಧೆ ಎಲ್ಲಿ ಸಿಕ್ಕೀತು?

ಚಂದ್ರಶೇಖರ ಕಂಬಾರರು ಹುಟ್ಟಿದ ಘೋಡಗೇರಿ ಚಿಕ್ಕೋಡಿಯ ಪಕ್ಕದ ಹುಕ್ಕೇರಿ ತಾಲ್ಲೂಕಿನಲ್ಲಿದೆ. 1964ರ ‘ಹೇಳತೇನ ಕೇಳ’ದಲ್ಲಿ ಅವರು ಲಾವಣಿ ಹಾಡುವವರ ಧಾಟಿ, ಮಾತು ಎರಡನ್ನೂ ಹೊಸ ಕಾವ್ಯಕ್ಕೆ ತಂದರು. ಆಮೇಲೆ ಈ ಭಾಗದ ಆಡುಮಾತಿಗೆ ಸಾಹಿತ್ಯದಲ್ಲಿ ಗೌರವ ಸಿಕ್ಕಿತು, ಜ್ಞಾನಪೀಠವೂ ಬಂತು. ಇಷ್ಟಾದರೂ ಆ ಮಾತು ತರಗತಿಯಲ್ಲಿ ತಪ್ಪಾಗಿಯೇ ಉಳಿದಿದೆ. ದೊಡ್ಡ ಕವಿ ಬರೆದರೆ ‘ದೇಸಿ’, ಆರನೆಯ ತರಗತಿಯ ಹುಡುಗಿ ಬರೆದರೆ ‘ಕಾಗುಣಿತ ದೋಷ’! ಇನ್ನೊಂದು ಕಡೆ, ಕಂಬಾರರ ದಾರಿಯಲ್ಲಿ ನಡೆಯುತ್ತೇವೆಂದು ಹೊರಟ ಎಷ್ಟೋ ಕತೆಗಾರರು ‘ಬಂದಾನ, ಹೋಗ್ಯಾನ’ ಎಂದು ಕ್ರಿಯಾಪದದ ಬಾಲ ತಿರುಚಿದರೆ ಸ್ಥಳೀಯತೆ ಬಂತು ಎಂದುಕೊಂಡಿದ್ದಾರೆ. ಬಾಲ ಬದಲಾಗಿದೆ, ಕಣ್ಣು ಬದಲಾಗಿಲ್ಲ. ಕತೆಯೊಳಗಿನ ಗೌಡ, ಬಾವಿ, ಸೂಳೆ, ಜಾತ್ರೆ ಎಲ್ಲ ಹಿಂದಿನವರ ಕತೆಗಳಿಂದಲೇ ಎದ್ದು ಬಂದವು. ಸಕ್ಕರೆ ಕಾರ್ಖಾನೆಯ ಬಿಲ್ಲು, ಕಬ್ಬು ಕಡಿಯಲು ಬರುವ ಗ್ಯಾಂಗುಗಳು, ಅವರ ಜೋಪಡಿಗಳಲ್ಲಿ ಶಾಲೆ ಬಿಟ್ಟು ಕೂತ ಮಕ್ಕಳು ಅಲ್ಲಿಲ್ಲ.

ನಿಪ್ಪಾಣಿಯ ಮಟ್ಟಿಗೆ ಈ ಕೆಲಸ ಮಾಡಿದವರು ಒಬ್ಬರಿದ್ದರು, ಆದರೆ ಮರಾಠಿಯಲ್ಲಿ. 2024ರಲ್ಲಿ ತೀರಿಕೊಂಡ ಮಹಾದೇವ ಮೋರೆಯವರು ಟ್ಯಾಕ್ಸಿ ಓಡಿಸಿದರು, ಆಮೇಲೆ ಹಿಟ್ಟಿನ ಗಿರಣಿ ನಡೆಸಿದರು. ಆ ಗಿರಣಿಯ ಸದ್ದಿನ ನಡುವೆಯೇ ಓದಿ ಬರೆದರು. ಡ್ರೈವರುಗಳು, ಗ್ಯಾರೇಜಿನ ಹುಡುಗರು, ತಂಬಾಕಿನ ವಖಾರಿಗೆ ಹೋಗುವ ಹೆಂಗಸರು, ದೇವದಾಸಿಯರು ಅವರ ಬರವಣಿಗೆಯಲ್ಲಿ ತಮ್ಮದೇ ಮಾತಿನಲ್ಲಿ ಬಂದರು. ಒಂದು ಪುಸ್ತಕಕ್ಕೆ ಅವರಿಟ್ಟ ಹೆಸರು ‘ಪಿಠಾಕ್ಷರಂ’, ಹಿಟ್ಟಿನ ಅಕ್ಷರಗಳು. ಅದೇ ತಂಬಾಕು ಹೆಂಗಸರ ಸಂಘಟನೆಯ ಬಗ್ಗೆ ಯುಗಾಂತರ್ ತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರವನ್ನೂ ಮಾಡಿತ್ತು. ಕರ್ನಾಟಕದ ಒಂದು ಊರಿನ ಬದುಕು ಮರಾಠಿಯಲ್ಲಿ ಇಷ್ಟು ದಟ್ಟವಾಗಿ ದಾಖಲಾಗಿದ್ದರೂ ಕನ್ನಡದ ಓದುಗರಲ್ಲಿ ಮೋರೆಯವರ ಹೆಸರು ಕೇಳಿದವರು ಎಷ್ಟು ಜನ? ನಿಪ್ಪಾಣಿ ಯಾರದು ಎಂದು ಎರಡೂ ಕಡೆಯವರು ದಶಕಗಳಿಂದ ಬಸ್ಸಿಗೆ ಮಸಿ ಬಳಿಯುತ್ತ ಬಂದಿದ್ದಾರೆ. ನಿಪ್ಪಾಣಿ ನಮ್ಮದೆನ್ನುವವರು ನಿಪ್ಪಾಣಿಯ ಲೇಖಕನನ್ನು ಓದುವುದು ಬೇಡವೇ? ಅವರ ಎರಡು ಪುಟ ಅನುವಾದವಾಗಿ ಕನ್ನಡ ಪಠ್ಯದಲ್ಲಿ ಬಂದರೆ ಕನ್ನಡಕ್ಕೆ ಧಕ್ಕೆಯೇನೂ ಆಗದು. ಗಡಿಭಾಗದಲ್ಲಿ ಶುದ್ಧ ಕನ್ನಡ ಎಂಬುದು ನಿಷ್ಠೆಯ ಪ್ರಮಾಣಪತ್ರವಾಗಿಬಿಟ್ಟಿದೆ. ‘ಖೋಲಿ’, ‘ಗಿರಣಿ’, ‘ರೊಕ್ಕ’, ‘ಲಗೂನ’ ಎನ್ನುವ ಮಗು ಕನ್ನಡದ್ರೋಹಿಯಲ್ಲ. ಬೆಂಗಳೂರಿನವರ ‘ರೂಮು’, ‘ಮಿಲ್ಲು’ಗಳಿಗೆ ಸಿಗುವ ಮಾಫಿ ಅದಕ್ಕೂ ಸಿಗಲಿ.

ಈಗ ನಮ್ಮ ಮನೆಯೊಳಗಿನ ಮಾತು. ಇತ್ತೀಚೆಗೆ ಯುವ ಬರಹಗಾರರ ಒಂದಿಷ್ಟು ಕತೆಗಳ ಹಸ್ತಪ್ರತಿ ನಮ್ಮ ಕೈಗೆ ಬಂದಿದ್ದವು. ಅವುಗಳಲ್ಲಿ ಬೆಳಗಾವಿ ಜಿಲ್ಲೆಯ ಮುಸ್ಲಿಂ ಹುಡುಗ ಹುಡುಗಿಯರವೂ ಇದ್ದವು. ಓದಿ ಸಂತೋಷವೂ ಆಯಿತು, ಸಂಕಟವೂ ಆಯಿತು. ಬಯಲುಸೀಮೆಯ ಹುಡುಗಿಯ ಕತೆಯಲ್ಲಿ ತೆಂಗಿನ ತೋಟ, ಹೊಳೆ ದಾಟುವ ದೋಣಿ, ತಲಾಕಿನ ಪ್ರಕರಣ. ಸಾರಾ ಅಬೂಬಕ್ಕರರ ಚಂದ್ರಗಿರಿ ತೀರ ಇಲ್ಲಿಗೆ ಬಂದಿತ್ತು. ಇನ್ನೊಬ್ಬನ ಕತೆಯಲ್ಲಿ ಬೊಳುವಾರರ ಮುತ್ತುಪ್ಪಾಡಿಯ ನೆರಳಿತ್ತು. ಸಾರಾ ಆಗಲಿ ಬೊಳುವಾರು ಆಗಲಿ ಫಕೀರ್ ಮುಹಮ್ಮದ್ ಕಟ್ಪಾಡಿಯಾಗಲಿ ತಮ್ಮ ಓಣಿ, ತಮ್ಮ ಹೊಳೆ, ತಮ್ಮ ಜನರ ಮಾತನ್ನು ನಂಬಿ ಬರೆದದ್ದರಿಂದ ದೊಡ್ಡವರಾದರು. 2025ರಲ್ಲಿ ಬಾನು ಮುಷ್ತಾಕರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದದ್ದೂ ಅವರು ಹಾಸನದ ಕಡೆಯ ಮನೆಗಳ ಒಳಕೋಣೆಯನ್ನು ಬಿಟ್ಟು ಹೊರಗೆ ಹೋಗದಿದ್ದುದರಿಂದ. ಅವರಿಂದ ಕಲಿಯಬೇಕಾದದ್ದು ಈ ನಂಬಿಕೆ. ನಮ್ಮ ಹುಡುಗರು ಕಲಿತದ್ದು ತೆಂಗಿನಮರ. ರಾಯಬಾಗದ ಮನೆಯಲ್ಲಿ ಅಜ್ಜನನ್ನು ಮುತ್ಯಾ ಎನ್ನುತ್ತಾರೆ, ಅಥವಾ ದಾದಾ ಎನ್ನುತ್ತಾರೆ. ಕತೆಯಲ್ಲಿ ಅದು ಪುಸ್ತಕದ ಹೆಸರಾಗಿ ಮಾರ್ಪಟ್ಟಿರುತ್ತದೆ.

ಇದಕ್ಕೆ ಒಂದು ಕಾರಣವನ್ನು ನಾಟಕ ಕಂಪನಿಗಳಲ್ಲಿ, ಸಿನಿಮಾಗಳಲ್ಲಿ ಹುಡುಕಬೇಕು. ಅಲ್ಲಿಯ ಸಾಬಿ ‘ನಮ್ದೂಕಿ, ನಿಮ್ದೂಕಿ’ ಎಂದು ಮುರುಕು ಕನ್ನಡ ಆಡಿ ನಗಿಸಿ ಹೋಗುವವನು. ಕುಡಚಿಯ ಸಂತೆಯಲ್ಲಿ ಬಾಗವಾನರು ಆಡುವ ಕನ್ನಡಕ್ಕೂ ಪಕ್ಕದಲ್ಲಿ ಕೂತ ಲಿಂಗಾಯತರು, ಜೈನರು ಆಡುವ ಕನ್ನಡಕ್ಕೂ ವ್ಯತ್ಯಾಸ ಹುಡುಕಲು ಬಹಳ ಸೂಕ್ಷ್ಮದ ಕಿವಿ ಬೇಕು. ಆದರೂ ಆ ನಾಟಕದ ಸಾಬಿ ನಮ್ಮ ಹುಡುಗರ ಬೆನ್ನಿಗೆ ಅಂಟಿಕೊಂಡಿದ್ದಾನೆ. ಅವನಂತೆ ಕಾಣದಿರಲೆಂದು ಇವರು ಬರೆಯುವಾಗ ಇಸ್ತ್ರಿ ಮಾಡಿದ ಗ್ರಂಥಸ್ಥ ಕನ್ನಡಕ್ಕೆ ಓಡುತ್ತಾರೆ.

ನಮ್ಮಲ್ಲೇ ಇರುವ ಇನ್ನೊಂದು ಅಳುಕನ್ನೂ ಹೇಳಬೇಕು. ಸ್ಥಳೀಯ ಸಂಸ್ಕೃತಿ ಎಂದ ಕೂಡಲೇ ಮೊಹರಮ್ಮಿನ ಮಾತು ಬರುತ್ತದೆ. ಈ ಭಾಗದ ಎಷ್ಟೋ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಕುಣಿಯುವವರು, ರಿವಾಯತ ಪದ ಹಾಡುವವರು ಬಹುತೇಕ ಮುಸ್ಲಿಮೇತರರು. ಕರ್ಬಲಾದ ಕತೆ, ಕಾಸಿಮರ ಮದುವೆಯ ಪ್ರಸಂಗ, ಇಮಾಮ್ ಹುಸೇನರ ಬಾಯಾರಿಕೆ ಎಲ್ಲ ಅಚ್ಚ ಕನ್ನಡದಲ್ಲಿ, ಕರುಳು ಹಿಂಡುವಂತೆ ಬರುತ್ತವೆ. ರಹಮತ್ ತರೀಕೆರೆಯವರು ‘ಕರ್ನಾಟಕದ ಮೊಹರಂ’ನಲ್ಲಿ ಈ ಲೋಕವನ್ನು ವಿಸ್ತಾರವಾಗಿ ತೆರೆದಿಟ್ಟಿದ್ದಾರೆ. ಪಂಜಾಗಳಿಗೆ ಹರಕೆ ಹೊರುವುದು, ಡೋಲಿ ಮೆರವಣಿಗೆ ಇಸ್ಲಾಮಿನ ಏಕದೇವ ತತ್ವಕ್ಕೆ ಒಗ್ಗುವುದಿಲ್ಲವೆಂದು ನಮ್ಮಲ್ಲಿ ಅನೇಕರು ವಾದಿಸುತ್ತಾರೆ. ಆ ವಾದಕ್ಕೆ ಅದರದೇ ನೆಲೆಯಿದೆ, ಅದನ್ನು ಲಘುವಾಗಿ ತೆಗೆದುಕೊಳ್ಳುವವರು ನಾವಲ್ಲ. ಆದರೆ ಆಚರಣೆ ಬೇಡವೆಂದು ಪದವನ್ನೂ ಬಿಟ್ಟರೆ ಏನಾಗುತ್ತದೆ? ಅನ್ಯಾಯದ ಎದುರು ತಲೆಬಾಗದ ಹುಸೇನರ ಕತೆ ಕನ್ನಡದಲ್ಲಿ ನೂರಾರು ಹಾಡುಗಾರರ ಬಾಯಲ್ಲಿದೆ. ಅವನ್ನು ಹಾಡುವ ಹಾಲುಮತದ ಅಜ್ಜನಿಗೆ ಗೊತ್ತಿರುವಷ್ಟು ಕರ್ಬಲಾ ನಮ್ಮ ಕಾನ್ವೆಂಟಿನ ಮಕ್ಕಳಿಗೆ ಗೊತ್ತಿಲ್ಲ. ನಂಬಿಕೆಯ ಪ್ರಶ್ನೆಯನ್ನು ಮಸೀದಿಯಲ್ಲಿ, ಮದ್ರಸಾದಲ್ಲಿ ಚರ್ಚಿಸೋಣ. ಪದವನ್ನು ಕನ್ನಡ ತರಗತಿಯಲ್ಲಿ ಓದಲು ಅಡ್ಡಿಯೇನು? ಉರ್ದುವಿನ ಬಗೆಗೂ ಇಷ್ಟೇ. ಅದು ನಮ್ಮ ಓದಿನ, ಗಜಲಿನ, ದೀನಿನ ಪುಸ್ತಕಗಳ ಭಾಷೆ. ಅದನ್ನು ಬಿಡಬೇಕೆಂದು ಯಾರೂ ಹೇಳಬಾರದು. ಆದರೆ ದಖನಿಯನ್ನು ಕೆಟ್ಟ ಉರ್ದು ಎಂದು ನಾವೇ ಹೀಗಳೆಯುವಾಗ, ಇಬ್ರಾಹೀಂ ಆದಿಲಶಾಹನ ‘ಕಿತಾಬೆ ನೌರಸ್’, ನುಸ್ರತಿಯ ಕಾವ್ಯ ಇದೇ ನುಡಿಯಲ್ಲಿ ಬಂದವೆಂದು ನೆನಪಿರಬೇಕಿತ್ತು.

ಹಾಗಾದರೆ ಪರೀಕ್ಷೆ? ಮಕ್ಕಳು ಪ್ರಮಾಣಿತ ಕನ್ನಡ ಕಲಿಯುವುದು ಬೇಡವೇ ಎಂದು ಶಿಕ್ಷಕರು ಕೇಳುತ್ತಾರೆ. ಬೇಕು, ಖಂಡಿತ ಬೇಕು. ಅರ್ಜಿ ಬರೆಯಲು, ಕೋರ್ಟು ಕಚೇರಿಗೆ ಹೋಗಲು, ನಾಳೆ ಬೆಂಗಳೂರಿನಲ್ಲಿ ಕೆಲಸ ಹಿಡಿಯಲು ಅದು ಬೇಕು. ಅದನ್ನು ಬಡವರ ಮಕ್ಕಳಿಗೆ ಕೊಡದೆ ‘ನಿಮ್ಮ ಆಡುಮಾತೇ ಚೆಂದ’ ಎಂದು ಬೆನ್ನು ತಟ್ಟಿ ಕಳಿಸುವುದು ಇನ್ನೊಂದು ಬಗೆಯ ಮೋಸ. ಪ್ರಶ್ನೆ ಇರುವುದು ಎಲ್ಲಿಂದ ಹೊರಡಬೇಕೆಂಬುದರಲ್ಲಿ. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಸರಕಾರದ ಓದುಪುಸ್ತಕ ಬದಿಗಿಟ್ಟು, ದಿನಾ ಒಂದೊಂದು ಮಗುವನ್ನು ಕರೆದು ಇವತ್ತು ನಿನಗೆ ಯಾವ ಪದ ಬೇಕು ಎಂದು ಕೇಳುತ್ತಿದ್ದರು. ಕೇಳಿದ ಪದವನ್ನು ದಪ್ಪ ಕಾಗದದ ಮೇಲೆ ಬರೆದು ಕೊಡುತ್ತಿದ್ದರು. ಮಕ್ಕಳು ಕೇಳುತ್ತಿದ್ದದ್ದು ಹೆದರಿಕೆಯ, ಪ್ರೀತಿಯ, ಮನೆಯ ಜಗಳದ ಪದಗಳನ್ನು. ಆ ಪದಗಳನ್ನು ಅವು ಒಮ್ಮೆ ನೋಡಿದರೆ ಮರೆಯುತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಈ ಅನುಭವವೆಲ್ಲ ಇದೆ. ಅದೇ ವರ್ಷ ಬ್ರೆಜಿಲಿನಲ್ಲಿ ಪಾವ್ಲೊ ಫ್ರೇರೆ ಕೂಲಿಗಳಿಗೆ ಅವರ ಕೆಲಸದ ಪದಗಳಿಂದಲೇ ಅಕ್ಷರ ಕಲಿಸುತ್ತಿದ್ದರು. ನಿಪ್ಪಾಣಿಯಲ್ಲಿ ಆ ಪದ ‘ಎಲಿ’ ಆಗುತ್ತದೆ, ಉಗಾರದಲ್ಲಿ ‘ಕಬ್ಬು’, ಅಥಣಿಯಲ್ಲಿ ‘ವೇಣಿ’. ‘ಎಲಿ’ಯಿಂದ ಹೊರಟ ಮಗು ‘ಎಲೆ’ಗೆ ಬಂದೇ ಬರುತ್ತದೆ, ಎರಡೂ ಅದರದಾಗುತ್ತದೆ. ‘ಎಲೆ’ಯಿಂದಲೇ ಹೊರಡಿಸಿದರೆ ‘ಎಲಿ’ ನಾಚಿಕೆಯ ಪದವಾಗುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಈ ಐದೂ ತಾಲ್ಲೂಕುಗಳ ಹೊಳೆದಂಡೆಯ ಹಳ್ಳಿಗಳು ಮುಳುಗಿದವು. ಶಾಲೆಗಳೇ ಗಂಜಿ ಕೇಂದ್ರಗಳಾದವು. ತಾವು ಪಾಠ ಕೇಳುವ ಕೋಣೆಯಲ್ಲೇ ಮಕ್ಕಳು ವಾರಗಟ್ಟಲೆ ಮಲಗಿದರು, ಎಮ್ಮೆ ಕೊಚ್ಚಿಕೊಂಡು ಹೋದದ್ದನ್ನು ನೋಡಿದರು, ಯಾರ ಜಾತಿಯ ಒಲೆಯಲ್ಲಿ ಬೆಂದದ್ದೆಂದು ಕೇಳದೆ ಉಂಡರು. ನೀರಿಳಿದ ಮೇಲೆ ಅದೇ ಕೋಣೆಯಲ್ಲಿ ‘ಮಳೆಗಾಲ’ ಎಂಬ ಪ್ರಬಂಧ ಬರೆಸಲಾಯಿತು. ಅದರಲ್ಲಿ ನವಿಲು ಕುಣಿದಿತ್ತು, ರೈತನ ಮುಖ ಅರಳಿತ್ತು ಎಂದು ಪರಿಚಯದ ಶಿಕ್ಷಕಿಯೊಬ್ಬರು ನಮ್ಮೊಡನೆ ಹೇಳಿ ಸುಮ್ಮನಾದರು.

ಆ ಬೀಡಿ ಪ್ರಬಂಧಕ್ಕೆ ನಾವು ಮೊದಲ ಬಹುಮಾನ ಬರೆದೆವು. ಜಗಳವಾಡಿಯೇ ಬರೆಯಬೇಕಾಯಿತು. ಸಂಜೆ ಹುಡುಗಿ ನಮ್ಮನ್ನು ಮನೆಗೆ ಕರೆದಳು. ಅವಳ ತಾಯಿ ಎಲೆಯ ಮೊರವನ್ನು ಬದಿಗೆ ಸರಿಸಿ, ಚಹಾ ಇಟ್ಟು, ಮಗಳು ಏನು ಬರೆದಿದ್ದಾಳೆ ಓದಿ ಹೇಳಿರೆಂದರು. ಓದಿದೆವು. ಕೆಂಪು ಶಾಯಿಯ ತಿದ್ದುಪಡಿಗಳನ್ನು ಬಿಟ್ಟು, ಅವಳು ಬರೆದಂತೆಯೇ ಓದಿದೆವು. ದಿನಕ್ಕೆ ಸಾವಿರ ಬೀಡಿ ಎಂಬಲ್ಲಿಗೆ ಬಂದಾಗ ಆಕೆ ಕೈಯೆತ್ತಿ ತಡೆದರು.

“ಸಾವಿರ ಎಲ್ಲಿದ್ರೀ? ಎಂಟನೂರ ಆಗತಾವ. ಸಾವಿರ ಆಗೂದು ಇಕೀ ಕೈ ಹಚ್ಚಿದ ದಿನ ಅಷ್ಟ.”

ಹುಡುಗಿ ಪೆನ್ಸಿಲ್ ತಂದು ಅದನ್ನು ತಿದ್ದಿದಳು.